ಇಬ್ಬರು ಹಿಡಿದ ಶಾಲು

ಆ ಭಾನುವಾರ ಬೆಳಿಗ್ಗೆ ನೆಗೀನ್ ಮನೆಯಿಂದ ಹೊರಡುವಾಗ ಅವಳ ತಾಯಿ ಮಹೀನ್ ಕಡಲೆಹಿಟ್ಟಿನ ಬಿಸ್ಕತ್ತಿನ ಡಬ್ಬಿಯನ್ನು ಕೈಗಿಟ್ಟಳು. "ಅಲ್ಲಿ ಯಾರ ಹತ್ರಾನೂ ವಾದಕ್ಕೆ ನಿಲ್ಬೇಡ ನೆಗೀನ್ ಜಾನ್. ಒಳ್ಳೆ ಮನೆ ಹುಡುಗಿ ಅನ್ನಿಸ್ಕೋ, ತಾವಾಗೇ ಸೇರಿಸ್ಕೋತಾರೆ" ಎಂದಳು.

ತೆಹರಾನ್ ಬಿಟ್ಟು ಲಾಸ್ ಏಂಜಲೀಸಿಗೆ ಬಂದು ನೆಲೆಸಿದ ಆ ಯೆಹೂದಿ ಮನೆಯಲ್ಲಿ ಒಳ್ಳೆಯತನವೆಂದರೆ ಬಿಟ್ಟುಕೊಡುವುದು. ಬಡಿಸಲು ಬಂದರೆ ಮೊದಲು ಬೇಡವೆನ್ನಬೇಕು, ಮತ್ತೆ ಬಂದರೂ ಬೇಡವೆನ್ನಬೇಕು. ಬಾಗಿಲಲ್ಲಿ ಇನ್ನೊಬ್ಬರನ್ನು ಮುಂದೆ ಬಿಡಬೇಕು, ಅವರೂ ಬಿಡುತ್ತಾರೆ, ಇಬ್ಬರೂ ನಿಂತೇ ಇರುತ್ತಾರೆ. ನೆಗೀನ್ ಇದರಲ್ಲಿ ಚೆನ್ನಾಗಿ ಪಳಗಿದ್ದಳು. ಕಾಲೇಜಿನಲ್ಲಿ ಯಾರಾದರೂ ತಪ್ಪು ಹೇಳಿದರೆ ತಲೆಯಾಡಿಸಿ, ಸರಿಯಾದ ಉತ್ತರವನ್ನು ಮನೆಗೆ ಬರುವಾಗ ಬಸ್ಸಿನ ಕಿಟಕಿಗೆ ಹೇಳುತ್ತಿದ್ದಳು.

ಕಿಟಕಿಯ ಜೊತೆ ಮಾತಾಡಿ ಸಾಕಾಗಿಯೇ ಅವಳು ಈ ಕೂಟಕ್ಕೆ ಅರ್ಜಿ ಹಾಕಿದ್ದು. ಯೆಹೂದಿ ಕಾಲೇಜು ವಿದ್ಯಾರ್ಥಿಗಳು ವರ್ಷವಿಡೀ ಮಂಗಳವಾರ ಸಂಜೆ ಕೂತು ಹಳೆಯ ಧರ್ಮಶಾಸ್ತ್ರವನ್ನೂ ಹೊಸ ವಿಚಾರಗಳನ್ನೂ ಓದುವ ಕೂಟ. ಆಮೇಲೆ ಕ್ಯಾಂಪಸ್ಸಿನಲ್ಲಿ ಉಳಿದವರನ್ನು ಮುನ್ನಡೆಸುವವರೂ ಅವರೇ. ಜಾಗ ಕಡಿಮೆ, ಬಯಸಿದವರು ಬಹಳ. ನೆಗೀನ್ ಮಾತ್ರ ಇಷ್ಟು ಆಸೆಪಟ್ಟು ಜೀವನದಲ್ಲಿ ಬೇರೇನನ್ನೂ ಕೇಳಿರಲಿಲ್ಲ.

ಕೂಟ ನಡೆಸುವ ತ್ಸಿಪೋರಾ ನರೆಗೂದಲಿನ ಹೆಂಗಸು. ಅಂದು ಆಯ್ಕೆಗೆ ಬಂದವರನ್ನೆಲ್ಲ ಜೋಡಿ ಜೋಡಿಯಾಗಿ ಕೂರಿಸಿ, ಒಂದೊಂದು ಹಾಳೆ ಕೊಟ್ಟು, "ಪರೀಕ್ಷೆ ಏನಿಲ್ಲ. ಓದಿ. ನಾನು ಕೇಳಿಸ್ಕೊಂಡು ಓಡಾಡ್ತಿರ್ತೀನಿ" ಎಂದಳು.

ನೆಗೀನಳಿಗೆ ಜೋಡಿಯಾದವಳು ನ್ಯೂಜೆರ್ಸಿಯ ಹಡಸ್ಸಾ. ಡಬ್ಬಿ ಮುಂದಿಟ್ಟಿದ್ದೇ ತಡ, ಒಂದು ಸಲವೂ ಬೇಡವೆನ್ನದೆ ಬಿಸ್ಕತ್ತು ಬಾಯಿಗೆ ಹಾಕಿಕೊಂಡಳು. ನೆಗೀನ್ ಬೆರಗಾಗಿ ನೋಡಿದಳು.

ಹಾಳೆಯಲ್ಲಿದ್ದದ್ದು ಹಳೆಯ ವ್ಯಾಜ್ಯ. ಇಬ್ಬರು ಒಂದೇ ಶಾಲಿನ ಎರಡು ತುದಿ ಹಿಡಿದು ಬಂದಿದ್ದಾರೆ. ಪೂರ್ತಿ ನನ್ನದೇ ಎಂದು ಇಬ್ಬರದೂ ಹಟ. ಪ್ರಮಾಣ ಮಾಡಿಸಿ ಅರ್ಧರ್ಧ ಹಂಚಿ ಎನ್ನುತ್ತದೆ ಶಾಸ್ತ್ರ. ಪ್ರಮಾಣ ಏತಕ್ಕೆ?

"ಸುಳ್ಳು ಹೇಳೋನು ಹೆದರ್ಲಿ ಅಂತ" ಎಂದಳು ಹಡಸ್ಸಾ.

"ಹೌದು, ನೀನು ಹೇಳೋದೇ ಸರಿ."

"ಆದ್ರೆ ಸುಳ್ಳು ಹೇಳೋನು ಪ್ರಮಾಣಕ್ಕೆಲ್ಲಿ ಹೆದರ್ತಾನೆ? ಅದರಿಂದ ಏನೂ ಉಪಯೋಗ ಇಲ್ಲ."

"ಅದೂ ಸರಿ."

ಹಡಸ್ಸಾ ಪೆನ್ಸಿಲ್ ಕೆಳಗಿಟ್ಟಳು. "ಎರಡೂ ಹೇಗೆ ಸರಿಯಾಗುತ್ತೆ? ನಿನ್ನ ಜೊತೆ ಓದೋದೂ ಕನ್ನಡಿ ಮುಂದೆ ಕೂರೋದೂ ಒಂದೇ ಕಣೇ. ನಮ್ಮನೇಲಿ ಬೆಳಗಾಯ್ತು ಅಂದ್ರೂ ನಮ್ಮಣ್ಣ ಸಾಕ್ಷಿ ಕೇಳ್ತಾನೆ. ಇಲ್ಲಿ ನನ್ನ ತಪ್ಪು ಹಿಡಿಯೋರು ಯಾರು?"

ತ್ಸಿಪೋರಾ ಬೆನ್ನ ಹಿಂದೆಯೇ ನಿಂತಿದ್ದಳು. ಕೇಳಿಸಿಕೊಂಡು ಮುಂದಿನ ಮೇಜಿಗೆ ಹೋದಳು. ಜಾಗ ಕೈತಪ್ಪಿತು ಎಂದುಕೊಂಡಳು ನೆಗೀನ್. ಅದಕ್ಕಿಂತ ಹೆಚ್ಚಾಗಿ, ತಾನು ಮರ್ಯಾದೆ ಎಂದುಕೊಂಡು ಎದುರಿಗೆ ಕೂತವಳನ್ನು ಒಂಟಿ ಮಾಡಿಬಿಟ್ಟೆನಲ್ಲ ಎಂದು ಮುಜುಗರವಾಯಿತು. ಹೇಗೂ ಹೋಯಿತು, ಕಿಟಕಿಗೆ ಹೇಳುವುದನ್ನು ಇವಳಿಗೇ ಹೇಳಿದರೇನು?

"ನಂಗೆ ಈ ವ್ಯಾಜ್ಯವೇ ವಿಚಿತ್ರ ಅನ್ಸುತ್ತೆ" ಎಂದಳು. "ನಮ್ಮನೇಲಾದ್ರೆ ಇಬ್ರೂ 'ನಿಂದೇ, ನೀನೇ ಇಟ್ಕೋ' ಅಂತ ತಳ್ಳಾಡ್ತಾರೆ. ಆಗ ನ್ಯಾಯ ಹೇಳೋದು ಹೇಗೆ?"

"ಇಬ್ರಿಗೂ ಬೇಡ ಅಂದ್ರೆ ಮೂರನೆಯವರಿಗೆ ಕೊಟ್ಬಿಡೋದು."

"ಇಲ್ಲ." ಮಾತು ಬಾಯಿಂದ ಬಂದೇಬಿಟ್ಟಿತ್ತು. "ಇಬ್ರಿಗೂ ಬೇಕೇ ಇರುತ್ತೆ. ನಮ್ಮತ್ತೆ ಹಾಗೆ ಬಿಟ್ಟುಕೊಟ್ಟ ಶಾಲನ್ನ ನೆನೆಸ್ಕೊಂಡು ಇವತ್ತಿಗೂ ಗೊಣಗ್ತಾಳೆ. ಪ್ರಮಾಣ ಇರೋದು ಸುಳ್ಳನಿಗೊಬ್ಬನಿಗೇ ಅಲ್ಲ. ನಂಗೆ ಬೇಕು ಅನ್ನೋಕೆ ನಾಚೋರಿಗೂ ಸೇರಿ. ನಾಲ್ಕು ಜನರ ಮುಂದೆ ನಿಂತು ಹೇಳ್ಲೇಬೇಕಲ್ಲ, ಆಗ."

"ಹಾಗಂತ ಎಲ್ಲಿದೆ ಇಲ್ಲಿ? ನಾನಂತೂ ಒಪ್ಪಲ್ಲ" ಎಂದು ಹಡಸ್ಸಾ ಖುಷಿಯಿಂದ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡಳು.

ಉಳಿದವರು ಎದ್ದುಹೋದದ್ದು ಇಬ್ಬರಿಗೂ ತಿಳಿಯಲಿಲ್ಲ.

"ಮೇಜು ಒರೆಸ್ಬೇಕು, ಏಳ್ತೀರಾ?" ಎಂದು ತ್ಸಿಪೋರಾ ಬಂದಳು.

"ಒಂದ್ನಿಮಿಷ ತ್ಸಿಪೋರಾ ಅವರೇ, ಇವಳು ಹೇಳಿದ್ದು ತಪ್ಪು" ಎಂದಳು ನೆಗೀನ್.

ತ್ಸಿಪೋರಾ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಅವಳನ್ನೇ ನೋಡಿದಳು. "ಜಾಗ ಕಡಿಮೆ ಇದೆಯಮ್ಮ. ನಿಂಗೆ ಕೊಡ್ಲಾ, ಬೇರೆಯವರಿಗೆ ಕೊಡ್ಲಾ?"

ಬೇರೆಯವರಿಗೇ ಕೊಡಿ, ನನಗಿಂತ ಯೋಗ್ಯರಿದ್ದಾರೆ: ಮಾತು ನಾಲಗೆಯ ತುದಿಗೆ ತಾನಾಗಿಯೇ ಬಂದು ನಿಂತಿತು. ನೆಗೀನ್ ಅದನ್ನು ನುಂಗಿಕೊಂಡಳು.

"ನಂಗೆ ಬೇಕು."

"ಹಾಗಾದ್ರೆ ಮಂಗಳವಾರ ಬಾ. ಹಡಸ್ಸಾ, ನೀನೂ. ನಿಮ್ಮ ಜಗಳ ಇನ್ನೂ ಮುಗಿದ ಹಾಗಿಲ್ಲ."

ಹೊರಗೆ ಮೆಟ್ಟಿಲ ಮೇಲೆ ಡಬ್ಬಿ ತೆರೆದರೆ ಕೊನೆಯ ಬಿಸ್ಕತ್ತು ಉಳಿದಿತ್ತು. ಹಡಸ್ಸಾ ಕೈ ಚಾಚಿದವಳು ಏನೋ ನೆನಪಾಗಿ ಹಿಂದೆ ಸರಿದಳು. "ನೀನೇ ತಗೋ" ಎಂದಳು, ಹೊಸದಾಗಿ ಕಲಿತ ಸಂಭ್ರಮದಲ್ಲಿ, ಮತ್ತೊಮ್ಮೆ ಒತ್ತಾಯ ಮಾಡಲು ತಯಾರಾಗಿ.

ನೆಗೀನ್ ತೆಗೆದುಕೊಂಡು ಪೂರ್ತಿ ತಿಂದಳು. ಖಾಲಿ ಡಬ್ಬಿ ನೋಡಿದರೆ ಅಮ್ಮ ಹಿಗ್ಗುತ್ತಾಳೆ. ವಾದದ ಸುದ್ದಿಯನ್ನು ಚಹಾ ಕುಡಿದ ಮೇಲೆ ಹೇಳಿದರಾಯಿತು.