ಒಳಗೇ ಇದ್ದೆ

ಗಂಗಾನಗರದ ಎರಡನೇ ಮಹಡಿಯ ಕೋಣೆಯೊಂದರಲ್ಲಿ ರಮಾ ಎಷ್ಟೋ ವರ್ಷಗಳಿಂದ ಜನರ ಮನಸ್ಸಿನ ಮಾತು ಕೇಳುತ್ತ ಬಂದಿದ್ದಳು. ಅವಳು ಓದಿದ್ದು ಮನೋವಿಶ್ಲೇಷಣೆ; ಕನಸು, ಬಾಲ್ಯ, ನುಂಗಿಕೊಂಡ ಸಿಟ್ಟು ಇವುಗಳ ವಿದ್ಯೆ. ನಡುವಯಸ್ಸಿನಲ್ಲಿ ಧ್ಯಾನ ಹಿಡಿದಳು. ಕ್ರಮೇಣ ಅದೂ ಚಿಕಿತ್ಸೆಯೊಳಗೆ ಬಂತು. ಮಾತು ಮುಗಿದ ಮೇಲೆ ಬಂದವರೂ ಅವಳೂ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು. ಮಾತಿಗೆ ಸಿಗದ್ದು ಆ ಮೌನದಲ್ಲಿ ಸಿಗುತ್ತದೆ ಎಂದು ಅವಳು ನಂಬಿದ್ದಳು.

ಚೈತ್ರ ಅವಳ ಹತ್ತಿರ ಬಂದದ್ದು ಮೈನಡುಕಕ್ಕೆ. ಕೆಂಪಾಪುರದ ಹಳೆಯ ಮನೆತನದ ಹುಡುಗಿ. ಹೊಲವಿದ್ದ ಕಡೆ ಈಗ ಅವರದೇ ಅಪಾರ್ಟ್‌ಮೆಂಟು. ಅಜ್ಜಿ ಬೈರಮ್ಮನ ಮೈಮೇಲೆ ದೇವರು ಬರುತ್ತಿತ್ತು. ಅಜ್ಜಿ ತೀರಿಕೊಂಡ ಮೇಲೆ ಶುಕ್ರವಾರ ಬಂತೆಂದರೆ ಚೈತ್ರಳ ಮೈ ನಡುಗತೊಡಗಿತು. ಡಾಕ್ಟರು ಏನೂ ತೊಂದರೆಯಿಲ್ಲ ಅಂದರು. ಮನೆಯವರು ದೇವರಿಗೆ ಹೊಸಬಳು ಸಿಕ್ಕಳೆಂದು ಹಳದಿ ಸೀರೆ ತಂದಿಟ್ಟರು.

"ನಂಗೆ ಬೇಡ ಮೇಡಂ," ಅಂದಳು ಚೈತ್ರ. "ದೇವ್ರು ಬಂದಾಗ ಅಜ್ಜಿ ನನ್ನ ಗುರುತೇ ಹಿಡೀತಿರ್ಲಿಲ್ಲ. ಸೆರಗು ಎಳೆದ್ರೂ ತಿರುಗಿ ನೋಡ್ತಿರ್ಲಿಲ್ಲ. ಆಮೇಲೆ ಕೇಳ್ತಿದ್ದೆ, ಅಜ್ಜೀ, ಇಷ್ಟೊತ್ತು ಎಲ್ಲಿಗೆ ಹೋಗಿದ್ದೆ ಅಂತ. ನಕ್ಕು ಸುಮ್ನಾಗ್ಬಿಡೋಳು."

"ನಡುಕ ಬಂದಾಗ ನಿಮಗೆ ಏನನ್ಸತ್ತೆ?"

"ನಾನೂ ಎಲ್ಲಿಗೋ ಹೋಗ್ಬಿಡ್ತೀನಿ, ವಾಪಸ್ ಬರಲ್ಲ ಅನ್ಸತ್ತೆ."

ಕೆಲವು ತಿಂಗಳು ಆ ಭಯದ ಸುತ್ತಲೇ ಮಾತು ನಡೆಯಿತು. ಒಂದು ಶುಕ್ರವಾರ ಮಧ್ಯಾಹ್ನ ಇಬ್ಬರೂ ಮೌನಕ್ಕೆ ಕೂತಾಗ ಚೈತ್ರಳ ಕುರ್ಚಿ ಕಟಕಟ ಅಲುಗುವುದು ರಮಾಳಿಗೆ ಕೇಳಿಸಿತು. ಸದ್ದು ತಟ್ಟನೆ ನಿಂತಿತು. ಬೆನ್ನಲ್ಲೇ ರಮಾಳ ಮೊಣಕಾಲುಗಳು ತಣ್ಣಗಾದವು. ಆಮೇಲಿನದು ಅವಳಿಗೆ ಗೊತ್ತಿಲ್ಲ.

ಕಣ್ಣು ಬಿಟ್ಟಾಗ ಅವಳ ತುರುಬು ಬಿಚ್ಚಿಹೋಗಿತ್ತು. ಚೈತ್ರ ನೆಲದ ಮೇಲೆ ಕೂತು, ಅವಳ ಮಡಿಲಲ್ಲಿ ತಲೆಯಿಟ್ಟು ಅಳುತ್ತಿದ್ದಳು.

"ಏನಾಯ್ತು ಚೈತ್ರ?"

"ನೀವೇ ಹೇಳಿದ್ರಲ್ಲ ಮೇಡಂ... 'ನಾನು ಎಲ್ಲೂ ಓಗ್ತಿರ್ಲಿಲ್ಲ ಕಣೇ ಗುಬ್ಬಕ್ಕ, ಒಳಗೇ ಇದ್ದೆ. ನಿನ್ನೇ ನೋಡ್ತಿದ್ದೆ, ಕೈ ಚಾಚಾಕೆ ಆಯ್ತಿರ್ಲಿಲ್ಲ' ಅಂತ. ಗುಬ್ಬಕ್ಕ ಅಂತ ಅಜ್ಜಿ ಒಬ್ಬಳೇ ಕರೀತಿದ್ದಿದ್ದು. ನಿಮಗೆ ನಾನು ಹೇಳೇ ಇಲ್ಲ."

ಚೈತ್ರಳ ನಡುಕ ಅಂದಿಗೆ ನಿಂತಿತು. ಮತ್ತೆ ಬರಲೇ ಇಲ್ಲ.

ರಮಾ ಮಾತ್ರ ನಿದ್ದೆಗೆಟ್ಟಳು. ತನಗೆ ವಿದ್ಯೆ ಕಲಿಸಿದ ರಾಮಕೃಷ್ಣಪ್ಪನವರನ್ನು ಕಾಣಲು ಆರ್.ಟಿ. ನಗರಕ್ಕೆ ಹೋದಳು. ಅವರು ಎಲ್ಲವನ್ನೂ ಕೇಳಿದರು.

"ಆ ಹುಡುಗಿಗೆ ಬೇಕಾದ ಉತ್ತರ ನಿನ್ನ ಮನಸ್ಸಿಗೆ ಗೊತ್ತಿತ್ತಮ್ಮ. ಮೌನದಲ್ಲಿ ಅದು ಬಾಯಿಗೆ ಬಂತು, ಅಷ್ಟೇ."

"ಗುಬ್ಬಕ್ಕ ಅನ್ನೋ ಹೆಸರು, ಸರ್?"

ಅವರು ಕನ್ನಡಕ ತೆಗೆದು ಒರೆಸಿದರು. "ಸ್ವಲ್ಪ ದಿನ ಆ ಮೌನ ನಿಲ್ಸು," ಅಂದರು.

ನಿಲ್ಲಿಸಿದಳು. ಮಾತು ಮುಗಿದೊಡನೆ ಜನರನ್ನು ಎಬ್ಬಿಸಿ ಕಳಿಸತೊಡಗಿದಳು. ಆದರೆ ಒಂದು ಸಂಜೆ, ಬರಬೇಕಿದ್ದವರು ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದು ಬರಲಾಗದೆ, ಅವಳು ಕೋಣೆಯಲ್ಲಿ ಒಬ್ಬಳೇ ಉಳಿದಳು. ಹೆಬ್ಬಾಳದ ಕಡೆ ಹೋಗುವ ಗಾಡಿಗಳ ಸದ್ದು ಇದ್ದಕ್ಕಿದ್ದಂತೆ ದೂರ ಸರಿಯಿತು. ಮೊಣಕಾಲುಗಳು ತಣ್ಣಗಾದವು. ಈ ಸಲ ಎಚ್ಚರ ತಪ್ಪಲಿಲ್ಲ. ಬಾಗಿಲು ತೆರೆದೇ ಇತ್ತು, ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಹೊಸದಾಗಿ ಬಂದವರನ್ನು ಕೇಳುವ ದನಿಯಲ್ಲೇ, "ಹೇಳಿ, ಕೇಳಿಸ್ಕೊಳ್ತಿದ್ದೀನಿ," ಅಂದಳು.

ಅವಳ ಬಾಯೇ ಅವಳದಲ್ಲದ ದನಿಯಲ್ಲಿ ಉತ್ತರ ಕೊಟ್ಟಿತು: "ನಂದೇನೈತೆ? ನಿಂದು ಏನೈತೋ ಅದ್ನ ಏಳು. ನಿನ್ನ ಮಾತು ಯಾರೂ ಕೇಳಿಲ್ವಲ್ಲ."

ಅವಳು ಕುರ್ಚಿಗೆ ಒರಗಿದಳು. ಆಮೇಲೆ, ಗಂಡ ತೀರಿಕೊಂಡ ದಿನ ತಾನು ಯಾಕೆ ಅಳಲಿಲ್ಲ ಎಂಬಲ್ಲಿಂದ ರಮಾ ಶುರು ಮಾಡಿದಳು. ಕಿಟಕಿಯ ಬೆಳಕು ಆರಿತು. ಎದ್ದು ಲೈಟು ಹಾಕುವ ಮನಸ್ಸಾಗಲಿಲ್ಲ. ಕತ್ತಲಲ್ಲಿ ಅವಳು ಹೇಳುತ್ತಲೇ ಹೋದಳು, ಮಾತು ಮಾತಿಗೂ ಅದೇ ಬಾಯಿ ಮೆಲ್ಲಗೆ "ಊಂ... ಊಂ" ಅನ್ನುತ್ತಿತ್ತು.