ಎರೆಹುಳವಿಲ್ಲದ ನಾಲ್ಕು ತೊಟ್ಟಿ

ಎರಡು ವರ್ಷ ನೆಟ್ಟಗಿದ್ದ ಅಂಕಿಗಳು ಈ ತಿಂಗಳು ಹಾದಿ ತಪ್ಪಿದ್ದವು. ಪುಟ್ಟಿ ಅನಿಲ ಅಳೆಯುವ ಯಂತ್ರವನ್ನು ಬೈದಳು, ಸಿರಿಂಜು ಬದಲಿಸಿದಳು. ಅಂಕಿಗಳು ಯಾವುದಕ್ಕೂ ಜಗ್ಗಲಿಲ್ಲ. ಕೃಷಿ ಕೇಂದ್ರದ ಹಿತ್ತಲಲ್ಲಿ ಎಂಟು ಸಿಮೆಂಟ್ ತೊಟ್ಟಿ. ಎಂಟರಲ್ಲೂ ಒಂದೇ ಮಣ್ಣು, ಒಂದೇ ಗೊಬ್ಬರ, ಒಂದೇ ಗೋಧಿ. ನಾಲ್ಕರಲ್ಲಿ ಎರೆಹುಳವುಂಟು, ನಾಲ್ಕರಲ್ಲಿ ಇಲ್ಲ. ವಾರಕ್ಕೊಮ್ಮೆ ಸಾಲುಗಳ ನಡುವೆ ಡಬ್ಬಿ ಕವುಚಿ, ಒಳಗೆ ತುಂಬಿದ ಗಾಳಿಯನ್ನು ಸಿರಿಂಜಿಗೆ ಎಳೆದು, ಅದರಲ್ಲಿ ಭೂಮಿಯನ್ನು ಕಾಯಿಸುವ ಅನಿಲ ಎಷ್ಟಿದೆಯೆಂದು ಅಳೆಯುವುದು ಅವಳ ಕೆಲಸ. ಹುಳದಿಂದ ಅದು ಎಷ್ಟು ಹೆಚ್ಚುತ್ತದೆಂಬ ಉತ್ತರ ಇನ್ನೆರಡು ತಿಂಗಳಿಗೆ ಕೈಗೆ ಸಿಗುವುದಿತ್ತು.

ಈಗ ನೋಡಿದರೆ ಹುಳವಿಲ್ಲದ ತೊಟ್ಟಿಗಳಲ್ಲೂ ಅನಿಲ ಏರುತ್ತಿದೆ. ಕೊನೆಗೆ ಕೈಗುದ್ದಲಿ ತಂದು ಅಗೆದಳು. ಮೊದಲ ಅಗೆತಕ್ಕೇ ಮೂರು ಎರೆಹುಳ ನುಲಿದವು.

“ಮಾವ, ಸ್ವಲ್ಪ ಇಲ್ಲಿ ಬನ್ನಿ.”

ಅಲ್ಲೇ ತೋಟದ ಕೆಲಸಕ್ಕಿದ್ದ ಸೋದರಮಾವ ಪೈಪು ಕೆಳಗಿಟ್ಟು ಬಂದರು. ಹುಳ ಕಂಡದ್ದೇ ಮುಖ ಅರಳಿತು. “ಹಿಡ್ಕೊಂಡಿವೆ ನೋಡು. ಬದುಕಲ್ವೇನೋ ಅಂದ್ಕೊಂಡಿದ್ದೆ.”

“ನೀವು ಹಾಕಿದ್ದಾ?”

“ಇನ್ಯಾರು? ಆ ಕಡೆ ಪೈರು ಮೊಣಕಾಲುದ್ದ, ಈ ಕಡೆ ಸೊರಗಿ ಕೂತಿತ್ತು. ಮಣ್ಣು ಕೆದಕಿದ್ರೆ ಒಂದು ಹುಳ ಇಲ್ಲ. ನಿಂಗೆ ಕೆಟ್ಟ ಹೆಸರು ಬರಬಾರದು ಅಂತ ಗೊಬ್ಬರದ ಗುಂಡಿಯಿಂದ ಬೊಗಸೆ ಬೊಗಸೆ ತಂದು ಬಿಟ್ಟೆ.”

ಪುಟ್ಟಿಗೆ ಪಿತ್ತ ನೆತ್ತಿಗೇರಿತು. ಬೈಯೋಣವೆಂದರೆ ಎತ್ತಿ ಆಡಿಸಿದ ಮಾವ. ಸುಮ್ಮನಿರೋಣವೆಂದರೆ ಎರಡು ವರ್ಷದ ದುಡಿಮೆ. ಹಲ್ಲು ಕಚ್ಚಿ ಕೇಳಿದಳು, “ಎಷ್ಟು ತೊಟ್ಟಿಗೆ?” ಒಂದೆರಡಾದರೂ ಉಳಿದಿದ್ದರೆ ಹೇಗೋ ಸಂಭಾಳಿಸಬಹುದಿತ್ತು.

“ನಾಲ್ಕಕ್ಕೂ. ಒಂದಕ್ಕೆ ಹಾಕಿ ಇನ್ನೊಂದಕ್ಕೆ ಬಿಡೋಕಾಗುತ್ತಾ? ನಾನು ಹಾಗೆಲ್ಲ ಭೇದ ಮಾಡೋನಲ್ಲ.”

ಅವಳು ತೊಟ್ಟಿಯ ಅಂಚಿನ ಮೇಲೆ ಕೂತಳು. “ಹುಳ ಬೇಡ ಅಂತಾನೇ ಮಣ್ಣು ಜರಡಿ ಹಿಡಿದಿದ್ದು, ಮಾವ. ಅದರ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಗೊಬ್ಬರದ ಸಾರಾನ ಅನಿಲ ಮಾಡಿ ಬಿಡ್ತವೆ. ಅದೆಷ್ಟು ಅಂತ ನೋಡೋಕೆ ಹುಳ ಇರೋದೂ ಬೇಕು, ಇಲ್ಲದ್ದೂ ಬೇಕು.”

“ಇದನ್ನ ನಂಗ್ಯಾರು ಹೇಳಿದ್ರು? ಕಳೆ ಕೀಳಿ, ನೀರು ಬಿಡಿ, ಡಬ್ಬಿ ಮುಟ್ಟಬೇಡಿ. ಅಷ್ಟೇ ನೀನು ಹೇಳಿದ್ದು.”

ನಿಜ. ಮಾವನಿಗೆ ಇದೆಲ್ಲ ತಿಳಿಯದು ಎಂದುಕೊಂಡು ಅವಳು ಬಾಯೇ ಬಿಟ್ಟಿರಲಿಲ್ಲ. ಸಿಟ್ಟು ಮಾವನ ಮೇಲಿದ್ದಾಗಲೇ ವಾಸಿಯಿತ್ತು. ತನ್ನ ಮೇಲೇ ತಿರುಗಿದಾಗ ಹೊರಗೆ ಹಾಕಲು ದಾರಿಯಿಲ್ಲ.

“ಹಾಗಾದ್ರೆ ಹುಳ ಒಳ್ಳೇದೋ ಕೆಟ್ಟದ್ದೋ? ಪೈರೇನೋ ಚೇತರಿಸ್ಕೊಂಡಿದೆ,” ಎಂದರು ಮಾವ.

“ಪೈರಿಗೆ ಒಳ್ಳೇದು. ಗಾಳಿಗೆ ಎಷ್ಟು ಕೆಟ್ಟದ್ದು ಅಂತ ಎರಡು ತಿಂಗಳಲ್ಲಿ ಹೇಳೋಳಿದ್ದೆ. ಈಗ ಇನ್ನೆರಡು ವರ್ಷ.”

ಮಾವ ತೊಟ್ಟಿಗೆ ಕೈ ಹಾಕಿದರು. “ಆರಿಸಿ ತೆಗೆದುಬಿಡ್ತೀನಿ ಬಿಡು.”

“ಬೇಡ. ಮೊಟ್ಟೆ ಇಟ್ಟಿರ್ತವೆ.”

ಎದ್ದು ಮೇಲಧಿಕಾರಿಯ ಕೋಣೆಯತ್ತ ನಡೆದಳು. ಯಾರು ಮಾಡಿದ್ದೆಂದು ಕೇಳಿದರೆ ನಾನೇ ಎನ್ನುವುದೆಂದು ಮೆಟ್ಟಿಲು ಹತ್ತುವಷ್ಟರಲ್ಲಿ ಗಟ್ಟಿ ಮಾಡಿಕೊಂಡಿದ್ದಳು. ಅದರಲ್ಲಿ ಸುಳ್ಳೂ ಹೆಚ್ಚೇನಿರಲಿಲ್ಲ.