ಆಕಳಿಸದ ದಂತವೈದ್ಯ

ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಅಕ್ಕ ಹನ್ನೊಂದು ಸಲ ಆಕಳಿಸಿದ್ದಳು. ತಂಗಿಯೂ ಆಕಳಿಸಿದಳು. ಕಿಟಕಿಯಲ್ಲಿದ್ದ ಬೆಕ್ಕೂ ಆಕಳಿಸಿತು, ಅದು ತನ್ನದೇ ಕಾರಣಕ್ಕಿರಬಹುದು. ತಂಗಿ ತಾನು ಮದುವೆಯಾಗಬೇಕೆಂದು ಮನೆಗೆ ಕರೆತಂದಿದ್ದ ದಂತವೈದ್ಯ ಮಾತ್ರ ಆಕಳಿಸಲಿಲ್ಲ. ರೆಪ್ಪೆ ಬಡಿಯದೆ ಅಕ್ಕನ ತೆರೆದ ಬಾಯೊಳಗೇ ನೋಡುತ್ತ, ತುಟಿ ಅಲುಗಿಸಿ ಏನನ್ನೋ ಎಣಿಸಿಕೊಂಡ.

ಅಕ್ಕ ಕೈಯ ತುತ್ತನ್ನು ತಟ್ಟೆಗಿಳಿಸಿ ಅವನನ್ನೇ ನೋಡಿದಳು.

ಊರಿನವರ ಲೆಕ್ಕದಲ್ಲಿ ಅವಳು ನೀರಿನ ಮೀಟರ್ ತಪಾಸಣೆಯವಳು. ತಂಗಿಗೂ ಗೊತ್ತಿದ್ದದ್ದು ಅಷ್ಟೇ. ನಿಜದಲ್ಲಿ ಅವಳು ಗುಪ್ತ ಇಲಾಖೆಯೊಂದರಲ್ಲಿ ಹದಿನಾಲ್ಕು ವರ್ಷ ಸವೆಸಿದ್ದಳು. ಬೇರೆ ಗ್ರಹಗಳಿಂದ ಬಂದು ಮನುಷ್ಯರ ವೇಷದಲ್ಲಿ ಬದುಕುವವರ ಮೇಲೆ ಕಣ್ಣಿಡುವ ಇಲಾಖೆ ಅದು. ಅಲ್ಲಿ ಅವರನ್ನು ಹೊರಗಿನವರು ಎನ್ನುತ್ತಿದ್ದರು. ಪರವಾನಗಿ ಇದ್ದವರು ತಮ್ಮ ಪಾಡಿಗೆ ತಾವಿರಬಹುದು. ಇಲ್ಲದವರನ್ನು ಹಿಡಿದ ದಿನವೇ ಸಂಜೆಯ ನೌಕೆ ಹತ್ತಿಸಿ ವಾಪಸು ಅಟ್ಟಬೇಕು. ಹಿಡಿಯುವ ಉಪಾಯ ಸರಳ: ಎದುರಿಗೆ ನಿಂತು ಆಕಳಿಸುವುದು. ಒಬ್ಬ ಮನುಷ್ಯ ಆಕಳಿಸಿದರೆ ನೋಡಿದ ಇನ್ನೊಬ್ಬನಿಗೂ ಬರುತ್ತದೆ, ಹೊರಗಿನವರಿಗೆ ಬರುವುದಿಲ್ಲ. ಇಲಾಖೆಯ ಕೈಪಿಡಿಯ ಮೂರನೇ ಪುಟದಲ್ಲಿ ಹಾಗೆಂದು ಬರೆದಿತ್ತು.

ಸಾಲದ್ದಕ್ಕೆ, ಆ ವಾರವೇ ಅವಳ ಮೇಜಿಗೆ ಒಂದು ಕಡತ ಬಂದಿತ್ತು. ಹಲ್ಲು ಕೀಳುವ ಮುಂಚೆ ಒಸಡು ಮರಗಟ್ಟಲು ಕೊಡುವ ಇಂಜೆಕ್ಷನ್ ಹೊರಗಿನವರ ಪಾಲಿಗೆ ಹೆಂಡ. ಆ ಮದ್ದು ಈ ವೈದ್ಯನ ಕ್ಲಿನಿಕ್ಕಿನಲ್ಲಿ ಬೇರೆಡೆಗಿಂತ ಮೂರು ಪಟ್ಟು ಖರ್ಚಾಗುತ್ತಿತ್ತು.

ವೈದ್ಯ ಹೊರಟ ಮೇಲೆ ತಂಗಿ ಬಾಗಿಲು ಹಾಕಿ ತಿರುಗಿದಳು. "ಅಕ್ಕಾ, ನಿನಗೆ ರಾತ್ರಿ ನಿದ್ದೆ ಬರಲ್ವಾ, ಇಲ್ಲಾ ನನ್ನ ಮದುವೆ ಆಗಬಾರದು ಅಂತ ಹರಕೆ ಹೊತ್ತಿದೀಯಾ?"

"ಆಕಳಿಕೆ ಬಂದ್ರೆ ನಾನೇನು ಮಾಡ್ಲೇ?"

"ಮೊದಲು ಬಂದ ಗಂಡು ಏನಂದ್ರು ಗೊತ್ತಾ? 'ನನ್ನ ಮಾತು ನಿಮ್ಮಕ್ಕನಿಗೆ ಅಷ್ಟು ಬೇಜಾರಾ' ಅಂತ. ಎರಡನೆಯವರು, ನಿಮ್ಮ ವಂಶದಲ್ಲಿ ನಿದ್ದೆ ಕಾಯಿಲೆ ಇದೆಯಾ ಅಂತ ಕೇಳಿದ್ರು. ಇವರನ್ನೂ ಓಡಿಸಿದ್ರೆ ಇನ್ನು ನಿನಗೆ ತಂಗಿ ಇಲ್ಲ ಅಂದ್ಕೊಂಡುಬಿಡು."

ಆ ಇಬ್ಬರ ಕಡತದಲ್ಲೂ ಅಕ್ಕ 'ಗುರುತು ಸಿಕ್ಕಿದೊಡನೆ ಪರಾರಿ' ಎಂದು ಬರೆದು ಸಹಿ ಹಾಕಿದ್ದಳು.

ಆದರೆ ಸಂಶಯ ಹಲ್ಲುನೋವಿದ್ದಂತೆ. ನಾಲಗೆ ಬೇಡವೆಂದರೂ ಅಲ್ಲಿಗೇ ಹೋಗುತ್ತದೆ. ಮರುದಿನ ಬೆಳಿಗ್ಗೆ ಹತ್ತಕ್ಕೆ ಅವಳು ಚೀಲ ಹೆಗಲಿಗೇರಿಸಿ ಕ್ಲಿನಿಕ್ಕಿನ ಮುಂದೆ ನಿಂತಿದ್ದಳು. ಚೀಲದಲ್ಲಿ ನಲ್ಲಿ ಬಿಚ್ಚುವ ಪಾನಾ, ರಸೀದಿ ಪುಸ್ತಕ, ಮತ್ತು ನೋಡಲು ಮಾಮೂಲಾಗಿದ್ದ ಒಂದು ಟಾರ್ಚು. ಅದರ ಬೆಳಕು ತಾಗಿದ ಹೊರಗಿನವನು ಅರ್ಧ ಗಂಟೆ ಕಲ್ಲಾಗಿಬಿಡುತ್ತಿದ್ದ.

ಕಾಯುವ ಕೋಣೆಯಲ್ಲಿ ಇಬ್ಬರಿದ್ದರು. ಉತ್ತರಪತ್ರಿಕೆ ತಿದ್ದುತ್ತಿದ್ದ ಒಬ್ಬ ಮೇಡಮ್ಮು. ಎಡಗೆನ್ನೆ ಚೆಂಡಿನಂತೆ ಊದಿ, ಕರವಸ್ತ್ರ ಒತ್ತಿಕೊಂಡು ಕೂತಿದ್ದ ಒಬ್ಬ ದಡೂತಿ ಮನುಷ್ಯ. ಅಭ್ಯಾಸಬಲದಿಂದ ಅಕ್ಕ ಒಂದು ಆಕಳಿಕೆ ಬಿಟ್ಟಳು. ಮೇಡಮ್ಮು ಪೆನ್ನು ಹಿಡಿದ ಕೈಯನ್ನೇ ಅಡ್ಡವಿಟ್ಟು ಆಕಳಿಸಿದರು. ಊದುಗೆನ್ನೆಯವನಂತೂ ಅವರಿಗಿಂತ ಮೊದಲೇ, ಒಳಗೆ ಮುಷ್ಟಿ ಹಿಡಿಸುವಷ್ಟು ಅಗಲವಾಗಿ ಬಾಯಿ ತೆರೆದು, ಕೊನೆಗೊಂದು "ಹಾ" ಕೂಡ ಸೇರಿಸಿದ. ಇಬ್ಬರೂ ಮನುಷ್ಯರೇ ಎಂದುಕೊಂಡು ಅಕ್ಕ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

"ಬನ್ನಿ ಅಕ್ಕ, ಮೀಟರ್ ಹಿತ್ತಲಲ್ಲಿದೆ," ಎಂದು ವೈದ್ಯ ಮಾಸ್ಕ್ ಇಳಿಸಿ ನಕ್ಕ.

ಅಕ್ಕ ಅವನ ಮುಖದಿಂದ ಒಂದೇ ಗೇಣು ದೂರ ನಿಂತು ಆಕಳಿಸಿದಳು. ಮತ್ತೆ ಆಕಳಿಸಿದಳು. ಅವನು ಕದಲಲಿಲ್ಲ. ಕತ್ತು ಮಾತ್ರ ಸ್ವಲ್ಪ ವಾಲಿಸಿ ಅವಳ ಬಾಯೊಳಗೆ ಇಣುಕಿದ.

ಅವಳು ಟಾರ್ಚು ತೆಗೆದಳು. ಹೆಬ್ಬೆರಳು ಗುಂಡಿಯ ಮೇಲೆ ಕೂತಿತು. ತಂಗಿಯ ಮುಖ ಕಣ್ಣ ಮುಂದೆ ಬಂದು ಹೋಯಿತು. "ಅಲ್ಲಾಡಬೇಡಿ ಡಾಕ್ಟ್ರೇ. ನೀವು ಯಾಕೆ ಆಕಳಿಸಲ್ಲ?"

"ಇದೆಂಥಾ ಪ್ರಶ್ನೆ ಅಕ್ಕ?" ಅವನು ಬೆಪ್ಪಾಗಿ ಟಾರ್ಚಿನತ್ತ ನೋಡಿದ. "ಡ್ರಿಲ್ ಹಿಡಿದವನು ಆಕಳಿಸಿದ್ರೆ ಯಾರಾದ್ರೂ ಆ ಕುರ್ಚೀಲಿ ಕೂರ್ತಾರಾ? ದಿನಕ್ಕೆ ಮೂವತ್ತು ತೆರೆದ ಬಾಯಿ ನೋಡ್ತೀನಿ. ನಾಲಗೆ ಅಂಗುಳಕ್ಕೆ ಒತ್ತಿ ಆಕಳಿಕೆ ನುಂಗೋದನ್ನ ಕಾಲೇಜಲ್ಲೇ ರೂಢಿ ಮಾಡ್ಕೊಂಡೆ."

"ಹಾಗಾದ್ರೆ ಮರಗಟ್ಟಿಸೋ ಮದ್ದು? ಅದನ್ನ ನುಂಗ್ತಿರೋರು ಯಾರು?"

"ಅದು ನಿಮಗೆ ಹೇಗೆ..." ಅವನು ದನಿ ತಗ್ಗಿಸಿದ. "ಆಚೆ ಕೆನ್ನೆ ಊದಿಸ್ಕೊಂಡು ಕೂತಿದ್ದಾರಲ್ಲ, ಅವರು. ಐದು ಸಲ ಬಂದ್ರು. ಬಾಯಿ ಒಂದು ಬೆರಳಷ್ಟು ಮಾತ್ರ ತೆರೀತಾರೆ. ನಾಲ್ಕು ಇಂಜೆಕ್ಷನ್ ಆದ್ರೂ 'ಇನ್ನೂ ನೋವು, ಇನ್ನೊಂದು ಕೊಡಿ' ಅಂತಾರೆ. ಹಲ್ಲು ಮುಟ್ಟೋಕೆ ಹೋದ್ರೆ ನಾಳೆ ಬರ್ತೀನಿ ಅಂತ ಹಾಡು ಹೇಳ್ಕೊಂಡು ಹೋಗ್ತಾರೆ."

"ಒಂದು ಬೆರಳಾ? ಈಗ ತಾನೇ ಮುಷ್ಟಿ ಹಿಡಿಸೋಷ್ಟು ಆಕಳಿಸಿದ್ನಲ್ಲ!"

ವೈದ್ಯನ ಮುಖ ಗಂಭೀರವಾಯಿತು. "ಸಾಧ್ಯವೇ ಇಲ್ಲ ಅಕ್ಕ. ಅಷ್ಟು ಊದಿದ್ರೆ ದವಡೆ ಬಿಗಿದಿರುತ್ತೆ. ಮನುಷ್ಯ ಆಗಿದ್ರೆ ಅರ್ಧ ಆಕಳಿಕೆಗೇ ಕಿರುಚ್ಕೋಬೇಕು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕೈಪಿಡಿಯ ಮೂರನೇ ಪುಟ ಹೊರಗಿನವರಿಗೂ ತಲುಪಿದೆ, ಅವರು ಆಕಳಿಕೆ ನಟಿಸಲು ಕಲಿತಿದ್ದಾರೆ ಎಂಬುದು ಅಕ್ಕನಿಗೆ ಆಗ ಹೊಳೆಯಿತು. ಅಷ್ಟರಲ್ಲಿ ಬಾಗಿಲ ಹಿಡಿ ಮೆಲ್ಲಗೆ ತಿರುಗಿತು.

ಊದುಗೆನ್ನೆಯವನು ಬಾಗಿಲಲ್ಲೇ ಬಾಯಿ ತೆರೆದ. ಕೆನ್ನೆಯೊಳಗೆ ಸುತ್ತಿಟ್ಟಿದ್ದ ನಾಲಗೆ ತೋಟಕ್ಕೆ ನೀರು ಬಿಡುವ ಪೈಪಿನಂತೆ ಬಿಚ್ಚಿಕೊಂಡು ಬಂದು, ಅಕ್ಕನ ಕೈಯ ಟಾರ್ಚನ್ನು ಕಿತ್ತು ಗುಳುಂ ಮಾಡಿತು. ಕೆನ್ನೆಯ ಊತ ಇಳಿದು ಮುಖ ಸಪಾಟಾಯಿತು. ಎರಡನೇ ಬೀಸಿಗೆ ಮದ್ದಿನ ಕಪಾಟು ಮಗುಚಿಬಿತ್ತು. ಅಕ್ಕ ಪಾನಾ ಬೀಸಿದಳು. ಅದು ಅವನಿಗೆ ತಗಲದೆ ನಲ್ಲಿಗೆ ಬಡಿದು, ನೀರು ಸೂರಿಗೆ ಚಿಮ್ಮಿತು.

"ಅಕ್ಕ, ಕುರ್ಚಿಗೆ ನೂಕಿ!" ವೈದ್ಯ ಬಟ್ಟಲಲ್ಲಿ ಏನನ್ನೋ ಗರಗರ ಕಲಸುತ್ತಿದ್ದ.

ಅವಳು ತಲೆ ಬಗ್ಗಿಸಿ ಟಗರಿನಂತೆ ಹಾಯ್ದಳು. ಅವನು ಕುರ್ಚಿಗೆ ಬಿದ್ದ. ವೈದ್ಯ ಪೆಡಲ್ ಒತ್ತಿದ ಹೊಡೆತಕ್ಕೆ ಕುರ್ಚಿ ಹಿಂದಕ್ಕೆ ಮಲಗಿ ಅವನ ಕಾಲುಗಳು ಮೇಲೆದ್ದವು. ನಾಲಗೆ ಅಕ್ಕನ ಸೊಂಟ ಸುತ್ತಿಕೊಂಡಿತು. ವೈದ್ಯ ಹಲ್ಲಿನ ಅಚ್ಚು ತೆಗೆಯುವ ಗುಲಾಬಿ ಬಣ್ಣದ ಮುದ್ದೆಯನ್ನು ಇಡೀ ಬಟ್ಟಲು ಅವನ ಬಾಯಿಗೆ ತುರುಕಿ, ಎರಡು ಕೈಯಿಂದಲೂ ಒತ್ತಿ ಹಿಡಿದ.

"ಗಟ್ಟಿಯಾಗೋಕೆ ಎರಡು ನಿಮಿಷ ಬೇಕು," ಎಂದು ಏದುಸಿರು ಬಿಡುತ್ತ ಹೇಳಿ, ಬಾಯಿಪಾಠದಂತೆ ರೋಗಿಯತ್ತ ಬಾಗಿದ. "ಏನೂ ಆಗಲ್ಲ. ಮೂಗಲ್ಲಿ ಉಸಿರಾಡಿ."

ಎರಡು ನಿಮಿಷವಾಯಿತು. ಗಟ್ಟಿಯಾದ ಮುದ್ದೆಯಲ್ಲಿ ಬುಡ ಸಿಕ್ಕಿಕೊಂಡ ನಾಲಗೆ ಸಡಿಲವಾಗಿ ನೆಲಕ್ಕೆ ಜಾರಿತು. ಹೊರಗೆ ಮೇಡಮ್ಮು ಬಾಗಿಲು ಬಡಿದು ಏನಾಯಿತೆಂದು ಕೇಳಿದರು. "ಪೈಪ್ ಒಡೀತು, ನಾಳೆ ಬನ್ನಿ," ಎಂದಳು ಅಕ್ಕ. ಹೇಗೂ ಪೈಪ್ ಒಡೆದಿತ್ತು. ಹನ್ನೊಂದಕ್ಕೆ ಇಲಾಖೆಯ ನೀರಿನ ಟ್ಯಾಂಕರ್ ಬಂದು ಊದುಗೆನ್ನೆಯವನನ್ನು ತುಂಬಿಕೊಂಡು ಹೋಯಿತು.

ಕಂಡದ್ದನ್ನು ಯಾರಿಗೂ ಹೇಳುವುದಿಲ್ಲವೆಂಬ ಕಾಗದಕ್ಕೆ ವೈದ್ಯ ಸಹಿ ಹಾಕಿದ. ಅವನ ಹೆಸರಿನ ಕಡತವನ್ನು ಅಕ್ಕ ನೆನೆದ ಚೀಲದಿಂದ ತೆಗೆದು ಅವನೆದುರೇ ಹರಿದಳು.

"ತಂಗಿ ಕೇಳ್ತಾಳೆ, ಇಲ್ಲಿಗ್ಯಾಕೆ ಬಂದಿದ್ದೆ ಅಂತ."

"ಅವಳ ಹತ್ರ ನಾನು ಸುಳ್ಳು ಹೇಳಲ್ಲ ಅಕ್ಕ," ಎಂದ ವೈದ್ಯ. "ಕೆಳಗಿನ ಸಾಲು, ಎಡಗಡೆ, ಕೊನೆಯಿಂದ ಎರಡನೇ ಹಲ್ಲು ಹುಳುಕಾಗಿದೆ. ನಿನ್ನೆ ಊಟಕ್ಕೆ ಕೂತಾಗ ಹನ್ನೊಂದು ಸಲ ತೋರಿಸಿದ್ರಲ್ಲ. ಮೊದಲ ದಿನವೇ ಹೇಳಿದ್ರೆ ಚೆನ್ನಾಗಿರಲ್ಲ ಅಂತ ಸುಮ್ಮನಿದ್ದೆ. ಕೂತ್ಕೊಳ್ಳಿ, ತುಂಬಿಬಿಡ್ತೀನಿ. ಅದಕ್ಕೇ ಬಂದಿದ್ರು ಅಂತೀನಿ."

ಹದಿನಾಲ್ಕು ವರ್ಷದಲ್ಲಿ ಅಕ್ಕ ಯಾರ ಕೈಗೂ ತನ್ನನ್ನು ಒಪ್ಪಿಸಿ ಕೂತವಳಲ್ಲ. ಈಗ ಒದ್ದೆ ಕುರ್ಚಿಯಲ್ಲಿ ಹಿಂದಕ್ಕೊರಗಿ, ಅದರ ತೋಳುಗಳನ್ನು ಬಿಗಿಯಾಗಿ ಹಿಡಿದು, ಬಾಯಿ ತೆರೆದಳು. ವೈದ್ಯ ಮಾಸ್ಕ್ ಏರಿಸಿದ. ಡ್ರಿಲ್ ಗುಂಯ್ ಎಂದಿತು.

ಅಷ್ಟರಲ್ಲಿ ಮಾಸ್ಕಿನ ಬಟ್ಟೆ ಮೆಲ್ಲಗೆ ಉಬ್ಬಿ ಇಳಿದಂತಾಯಿತು. ಅವನ ಕಣ್ಣಂಚಿನಲ್ಲಿ ತುಸು ನೀರಾಡಿತು. ಆಕಳಿಸಿದನೋ, ಸುಮ್ಮನೆ ಉಸಿರುಬಿಟ್ಟನೋ? ಅಕ್ಕ ಹತ್ತಿ ತುಂಬಿದ ಬಾಯಲ್ಲೇ ಕೇಳಲು ಹೊರಟಳು.

"ಬಾಯಿ ಮುಚ್ಚಬೇಡಿ ಅಕ್ಕ," ಎಂದ ಅವನು.

ಅವಳು ಬಾಯಿ ತೆರೆದೇ ಇದ್ದಳು. ಕಣ್ಣು ಮಾತ್ರ ಮುಚ್ಚಿಕೊಂಡಳು.